ಕೊಳ್ಳುವ ಮುನ್ನ ಮೌಸ್ ಪಕ್ಕಕ್ಕಿಟ್ಟು ನೋಡಿ

ಮಾನ್ಯ ಸಂಪಾದಕರೇ,

ತಂತ್ರಜ್ಞಾನ ಅಂಧರಿಗೆ ವರವಾಗಿದೆ ಎಂಬ ಲೇಖನಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಮಾತನಾಡುವ ಕನ್ನಡಕ, ನೋಟಿನ ಮೌಲ್ಯ ಹೇಳುವ ಮೊಬೈಲ್ ಆ್ಯಪ್, ಎದುರಿನ ಅಡ್ಡಿಯನ್ನು ಅರಿತು ಕಂಪಿಸುವ ಕೋಲು, ಹೀಗೆ. ಜೊತೆಗೆ ಛಲಗಾರನೊಬ್ಬನ ಫೋಟೊ ಇರುತ್ತದೆ ಎಂದು ಪಕ್ಕದಲ್ಲಿ ಕುಳಿತವರು ಹೇಳುತ್ತಾರೆ. ಇಂಥ ಲೇಖನಗಳನ್ನು ನಾನೂ ಕುತೂಹಲದಿಂದಲೇ ಕೇಳಿಸಿಕೊಳ್ಳುತ್ತೇನೆ. ಆದರೆ ಬೆಳಗಿನಿಂದ ಸಂಜೆಯವರೆಗೆ ನನ್ನನ್ನು ಕಾಡುವ ವಿಷಯ ಅಷ್ಟು ರೋಚಕವಾದುದಲ್ಲ. ನಮ್ಮ ಕಚೇರಿಯ ಲೆಕ್ಕಪತ್ರ ತಂತ್ರಾಂಶದಲ್ಲಿ ವೋಚರ್ ಉಳಿಸುವ ಬಟನ್‌ಗೆ ಹೆಸರಿಲ್ಲ. ಈ ಪತ್ರ ಬರೆಯುತ್ತಿರುವುದು ಅದರ ಬಗ್ಗೆ.

ನಾನು ಹುಟ್ಟಿನಿಂದ ಅಂಧ. ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ವೋಚರ್ ನಮೂದಿಸುವುದು, ಬ್ಯಾಂಕಿನ ವಿವರಪಟ್ಟಿಯೊಂದಿಗೆ ನಮ್ಮ ಖಾತೆಯನ್ನು ತಾಳೆ ನೋಡುವುದು, ತಿಂಗಳ ಕೊನೆಗೆ ಸಂಬಳದ ಪಟ್ಟಿ ತಯಾರಿಸುವುದು ನನ್ನ ಪಾಲಿಗೆ ಬಂದ ಕೆಲಸಗಳು. ಕಂಪ್ಯೂಟರಿನಲ್ಲಿ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ ಸದಾ ಚಾಲನೆಯಲ್ಲಿರುತ್ತದೆ. ನಾನು ಒತ್ತುವ ಕೀಲಿಯನ್ನೂ ಪರದೆಯಲ್ಲಿ ಬಂದದ್ದನ್ನೂ ಅದು ಕಿವಿಗೆ ಹೇಳುತ್ತಾ ಹೋಗುತ್ತದೆ. ಅಭ್ಯಾಸವಾದಂತೆ ವೇಗ ಹೆಚ್ಚಿಸಿಕೊಳ್ಳುತ್ತಾ ಬಂದಿದ್ದೇನೆ. ಈಗಿನ ವೇಗದಲ್ಲಿ ಅದರ ಮಾತು ಹೊಸಬರಿಗೆ ಜೀರುಂಡೆಯ ಸದ್ದಿನಂತೆ ಕೇಳುತ್ತದೆಯಂತೆ. ಮೌಸ್ ನನಗೆ ಬೇಕಿಲ್ಲ, ಪರದೆಯೂ ಬೇಕಿಲ್ಲ. ಹಳೆಯ ತಂತ್ರಾಂಶ ಇದ್ದಷ್ಟು ಕಾಲ ನಮ್ಮ ವಿಭಾಗದಲ್ಲಿ ವೋಚರ್ ನಮೂದಿಸುವುದರಲ್ಲಿ ನಾನು ಹಿಂದೆ ಬಿದ್ದವನಲ್ಲ. ಇದನ್ನು ಹೆಮ್ಮೆಗಾಗಿ ಬರೆಯುತ್ತಿಲ್ಲ. ಮುಂದೆ ಹೇಳುವ ತೊಂದರೆ ನನ್ನ ಕಣ್ಣಿನದಲ್ಲ ಎಂಬುದು ಮೊದಲೇ ಸ್ಪಷ್ಟವಾಗಿರಲಿ ಎಂದು ಬರೆದೆ.

ನಂತರ ಹೊಸ ಆವೃತ್ತಿ ಬಂತು. ಹಳೆಯದು ಬೂದು ಬಣ್ಣದ್ದು, ನೋಡಲು ಸಪ್ಪೆ ಎಂದು ಎಲ್ಲರೂ ಹೇಳುತ್ತಿದ್ದರು. ಹೊಸದು ತುಂಬಾ ಚೆನ್ನಾಗಿದೆಯಂತೆ. ಇರಬಹುದು, ನನಗೆ ಅದರ ಬಗ್ಗೆ ಹೊಟ್ಟೆಕಿಚ್ಚಿಲ್ಲ. ಅದನ್ನು ತೆರೆದು ಟ್ಯಾಬ್ ಕೀಲಿ ಒತ್ತಿದರೆ ನನ್ನ ಕಿವಿಗೆ ಬಿದ್ದದ್ದು ‘ಬಟನ್’ ಎಂದು. ಮತ್ತೆ ಒತ್ತಿದರೆ ‘ಬಟನ್’. ಇನ್ನೂ ಒತ್ತಿದರೆ ‘ಬಟನ್’. ಒಂದು ಸಾಲು ಬಟನ್‌ಗಳ ನಂತರ ‘ಎಡಿಟ್, ಬ್ಲ್ಯಾಂಕ್’ ಎಂದಿತು. ಏನನ್ನೋ ಟೈಪು ಮಾಡಬಹುದಾದ ಖಾಲಿ ಜಾಗ ಎಂಬುದಷ್ಟೇ ಅದರ ಅರ್ಥ. ದಿನಾಂಕವೋ, ಮೊತ್ತವೋ, ಖಾತೆಯ ಹೆಸರೋ ತಿಳಿಯಲಿಲ್ಲ. ಅದರ ಕೆಳಗೆ ಜಮಾ ಖರ್ಚಿನ ಸಾಲುಗಳಿರುವ ದೊಡ್ಡ ಪಟ್ಟಿ ಇದೆ ಎಂದು ಸಹೋದ್ಯೋಗಿ ಹೇಳಿದರು. ಅಲ್ಲಿಗೆ ಹೋದಾಗ ‘ಪೇನ್’, ಅಂದರೆ ಪರದೆಯ ಒಂದು ಭಾಗ, ಎಂಬ ಒಂದೇ ಪದ ಹೇಳಿ ಸ್ಕ್ರೀನ್ ರೀಡರ್ ಸುಮ್ಮನಾಯಿತು. ಬಾಣದ ಕೀಲಿಗಳನ್ನು ಒತ್ತಿದೆ. ಪರದೆಯ ಮೇಲೆ ಗುರುತು ಒಂದು ಸಾಲಿನಿಂದ ಇನ್ನೊಂದಕ್ಕೆ ಸರಿಯುತ್ತಿತ್ತಂತೆ. ನನ್ನ ಮಟ್ಟಿಗೆ ಅಲ್ಲಿ ಏನೂ ನಡೆಯಲೇ ಇಲ್ಲ.

ಯಾಕೆ ಹೀಗಾಗುತ್ತದೆ ಎಂದು ಸ್ವಲ್ಪ ಬಿಡಿಸಿ ಹೇಳಬೇಕು. ಕಂಪ್ಯೂಟರ್ ಚೆನ್ನಾಗಿ ಬಲ್ಲವರಲ್ಲೂ ಇದರ ಬಗ್ಗೆ ತಪ್ಪು ತಿಳಿವಳಿಕೆ ಇದೆ. ಸ್ಕ್ರೀನ್ ರೀಡರ್ ಪರದೆಯನ್ನು ನೋಡಿ ಓದುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಅದು ನೋಡುವುದಿಲ್ಲ, ವಿಚಾರಿಸುತ್ತದೆ. ನಾನು ಟ್ಯಾಬ್ ಒತ್ತಿ ಒಂದು ಜಾಗಕ್ಕೆ ಬಂದೊಡನೆ ಅದು ಎದುರಿನ ತಂತ್ರಾಂಶಕ್ಕೆ ಪ್ರಶ್ನೆ ಹಾಕುತ್ತದೆ: ಇಲ್ಲಿರುವುದರ ಹೆಸರೇನು, ಇದು ಬಟನ್ನೋ ಚೆಕ್ ಬಾಕ್ಸೋ ಪಟ್ಟಿಯೋ, ಗುರುತು ಹಾಕಿದೆಯೋ ಇಲ್ಲವೋ, ಒಳಗೆ ಏನು ಬರೆದಿದೆ? ಬಂದ ಉತ್ತರವನ್ನು ಅದು ಉಚ್ಚರಿಸುತ್ತದೆ. ಉತ್ತರವೇ ಬಾರದಿದ್ದರೆ ಅದಕ್ಕೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಈ ಪ್ರಶ್ನೋತ್ತರಕ್ಕೆ ಬೇಕಾದ ದಾರಿಗಳು ನಿನ್ನೆ ಮೊನ್ನೆ ಹುಟ್ಟಿದವಲ್ಲ. ಮೈಕ್ರೋಸಾಫ್ಟ್ ‘ಆಕ್ಟಿವ್ ಆಕ್ಸೆಸಿಬಿಲಿಟಿ’ ಎಂಬ ವ್ಯವಸ್ಥೆಯನ್ನು ವಿಂಡೋಸ್‌ಗೆ ತಂದದ್ದು 1997ರಲ್ಲಿ. ವಿಂಡೋಸ್‌ನ ವಿಸ್ತಾ ಆವೃತ್ತಿ ಬರುವ ಹೊತ್ತಿಗೆ ‘ಯುಐ ಆಟೊಮೇಷನ್’ ಎಂಬ, ಇನ್ನೂ ವಿವರವಾಗಿ ಉತ್ತರಿಸಬಲ್ಲ ವ್ಯವಸ್ಥೆ ಸೇರಿತು. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ತಂತ್ರಾಂಶಗಳಿಗೆ ‘ಆಕ್ಸೆಸ್ ಬ್ರಿಜ್’ ಇದೆ, ಲಿನಕ್ಸ್‌ಗೆ ತನ್ನದೇ ಆದದ್ದಿದೆ. ವಿಂಡೋಸ್ ತಾನೇ ಒದಗಿಸುವ ಸಾಮಾನ್ಯ ಬಟನ್, ಪಟ್ಟಿ, ಮೆನುಗಳನ್ನು ಬಳಸಿ ತಂತ್ರಾಂಶ ಬರೆದರೆ ಈ ಉತ್ತರಗಳಲ್ಲಿ ಹೆಚ್ಚಿನವು ತಾವಾಗಿಯೇ ಬರುತ್ತವೆ. ನಮ್ಮ ಹಳೆಯ ಬೂದು ತಂತ್ರಾಂಶ ಅಷ್ಟು ಚೆನ್ನಾಗಿ ಮಾತನಾಡುತ್ತಿದ್ದದ್ದು ಅದನ್ನು ಬರೆದವರು ನನ್ನನ್ನು ನೆನೆದುಕೊಂಡದ್ದರಿಂದ ಅಲ್ಲ. ಅವರಿಗೆ ಅಲಂಕಾರ ಮಾಡುವ ಉಮೇದು ಇರಲಿಲ್ಲ, ಅಷ್ಟೇ. ಹೊಸಬರಿಗೆ ಅದು ಇತ್ತು. ಅವರು ತಮ್ಮದೇ ಬಟನ್‌ಗಳನ್ನು, ತಮ್ಮದೇ ಪಟ್ಟಿಯನ್ನು ಚಿತ್ರದಂತೆ ಬಿಡಿಸಿದರು. ಕಣ್ಣಿಗೆ ಅದು ಪಟ್ಟಿ. ಕಂಪ್ಯೂಟರಿನ ಒಳಗೆ ಅದು ಬಣ್ಣದ ಚುಕ್ಕೆಗಳ ರಾಶಿ. ಅದನ್ನು ಯಾರು ವಿಚಾರಿಸಿದರೂ ಹೇಳುವುದಕ್ಕೆ ಏನೂ ಇಲ್ಲ.

ಇಲ್ಲಿ ಸ್ವಲ್ಪ ಇತಿಹಾಸ. ಟೆಡ್ ಹೆಂಟರ್ ಎಂಬವರು ಮೋಟಾರ್ ಸೈಕಲ್ ರೇಸಿನ ಸ್ಪರ್ಧಿಯಾಗಿದ್ದು ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡವರು. ಅವರ ಸಂಸ್ಥೆ ‘ಜಾಸ್’ ಎಂಬ ಸ್ಕ್ರೀನ್ ರೀಡರನ್ನು 1989ರಲ್ಲಿ ಹೊರತಂದಾಗ ಅದು ಡಾಸ್ ಕಾಲ. ಪರದೆಯೆಂದರೆ 80 ಕಾಲಂ, 25 ಸಾಲು, ಎಲ್ಲವೂ ಅಕ್ಷರಗಳು. ಓದಲು ಅಕ್ಷರಗಳು ಸಿದ್ಧವಾಗಿಯೇ ಇರುತ್ತಿದ್ದವು. ಚಿತ್ರಗಳಿಂದ ತುಂಬಿದ ವಿಂಡೋಸ್ ಬಂದಾಗ ಅಂಧರ ಕೆಲಸವೇ ಹೋಗುತ್ತದೆ ಎಂಬ ಭಯವಿತ್ತು. ತಂತ್ರಾಂಶಗಳು ಪರದೆಯ ಮೇಲೆ ಏನನ್ನಾದರೂ ಬಿಡಿಸುವಾಗ ವಿಂಡೋಸ್‌ಗೆ ಕೊಡುವ ಆಜ್ಞೆಗಳನ್ನು ನಡುದಾರಿಯಲ್ಲೇ ಕದ್ದು ಕೇಳಿ, ಎಲ್ಲಿ ಯಾವ ಅಕ್ಷರ ಬಿತ್ತು ಎಂಬ ನಕಾಶೆಯನ್ನು ತನ್ನೊಳಗೆ ಕಟ್ಟಿಕೊಳ್ಳುವ ಉಪಾಯವನ್ನು ಆಗಿನ ಸ್ಕ್ರೀನ್ ರೀಡರ್‌ಗಳು ಕಂಡುಕೊಂಡವು. ಆ ಕಳ್ಳದಾರಿ ಬಹಳ ಕಾಲ ನಮ್ಮನ್ನು ಕಾಪಾಡಿತು. ಪರದೆಗೆ ಬಿಡಿಸುವ ವಿಧಾನಗಳೇ ಬದಲಾದ ಮೇಲೆ ಅದರ ಉಪಯೋಗ ಕುಗ್ಗಿತು. ಈಗ ತಂತ್ರಾಂಶ ತಾನಾಗಿ ಬಾಯಿಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಇದು ನ್ಯಾಯವಾದ ಏರ್ಪಾಡೇ. ಆದರೆ ಇದರಲ್ಲಿ ಅರ್ಧ ಹೊಣೆ ತಂತ್ರಾಂಶ ಬರೆಯುವವರದು ಎಂಬುದು ಅವರಲ್ಲಿ ಅನೇಕರಿಗೆ ತಿಳಿದೇ ಇಲ್ಲ.

ಸಂಪಾದಕರೇ, ಇಂಥ ತಂತ್ರಾಂಶದಲ್ಲಿ ಒಂದು ವೋಚರ್ ನಮೂದಿಸುವುದು ಹೇಗಿರುತ್ತದೆ ಎಂದು ನಿಮ್ಮ ಓದುಗರಿಗೆ ತಿಳಿಯಬೇಕು. ಹೆಸರಿಲ್ಲದ ಜಾಗಗಳನ್ನು ಕ್ರಮದಿಂದ ಗುರುತಿಟ್ಟುಕೊಳ್ಳುತ್ತೇನೆ: ಮೊದಲನೆಯದು ವೋಚರ್ ಸಂಖ್ಯೆ, ಎರಡನೆಯದು ದಿನಾಂಕ, ಮೂರನೆಯದು ಖಾತೆ. ಬಾಯಿಪಾಠ ಮಾಡಿದ ಮಗ್ಗಿಯ ಹಾಗೆ ಇದು ಬೆರಳಿಗೆ ಬರುತ್ತದೆ. ಒಂದು ದಿನ ಹೊಸ ಪರಿಷ್ಕರಣೆ ಬರುತ್ತದೆ, ನಡುವೆ ಎಲ್ಲೋ ‘ವಿಭಾಗ’ ಎಂಬ ಹೊಸ ಜಾಗ ಸೇರಿಕೊಳ್ಳುತ್ತದೆ, ಅಲ್ಲಿಂದಾಚೆಗೆ ನಾನು ಲೆಕ್ಕವಿಟ್ಟದ್ದೆಲ್ಲ ಒಂದು ಸ್ಥಾನ ಸರಿದುಹೋಗುತ್ತದೆ. ಕಣ್ಣಿದ್ದವರಿಗೆ ಆ ದಿನ ಒಂದು ಹೊಸ ಸೌಲಭ್ಯ ಸಿಕ್ಕಿರುತ್ತದೆ.

ಚೆಕ್ ಬಾಕ್ಸ್‌ಗಳದ್ದು ಇನ್ನೊಂದು ಕಥೆ. ಸ್ಪೇಸ್ ಕೀಲಿ ಒತ್ತಿದರೆ ಗುರುತು ಬೀಳುತ್ತದೆ, ಇನ್ನೊಮ್ಮೆ ಒತ್ತಿದರೆ ಹೋಗುತ್ತದೆ. ಬಿದ್ದಿದೆಯೋ ಹೋಗಿದೆಯೋ ಎಂದು ಆ ತಂತ್ರಾಂಶ ಹೇಳುವುದಿಲ್ಲ. ‘ಈ ಪಾವತಿಗೆ ತೆರಿಗೆ ಕಡಿತ ಅನ್ವಯ’ ಎಂಬ ಜಾಗದಲ್ಲಿ ಇಂಥ ಅನುಮಾನ ಇಟ್ಟುಕೊಂಡು ಕೆಲಸ ಮಾಡುವುದು ಹೇಗೆಂದು ಲೆಕ್ಕಪತ್ರ ಬಲ್ಲ ಯಾರನ್ನಾದರೂ ಕೇಳಿ ನೋಡಿ. ಎಲ್ಲ ತುಂಬಿ ಉಳಿಸಲು ಹೋದರೆ ‘ಡಿಂಗ್’ ಎಂಬ ಸದ್ದು ಮಾತ್ರ ಬರುತ್ತದೆ. ಏನೋ ತಪ್ಪಿದೆ. ಎಲ್ಲಿ ತಪ್ಪಿದೆ? ಆ ಜಾಗದ ಅಂಚು ಕೆಂಪಾಗಿದೆ, ಅದೇ ಉತ್ತರವಂತೆ. ಹುಟ್ಟಿನಿಂದ ಬಣ್ಣ ಕಾಣದವನಿಗೆ ಕೆಂಪು ಅಂಚಿನಿಂದ ಎಚ್ಚರಿಕೆ ಕೊಡುವ ಜಾಣ್ಮೆಯನ್ನು ಏನೆಂದು ಕರೆಯುವುದೋ ತಿಳಿಯದು. ಕೆಂಪನ್ನೂ ಹಸಿರನ್ನೂ ಬೇರ್ಪಡಿಸಲಾಗದವರು, ಬೇರೆಲ್ಲವನ್ನೂ ಚೆನ್ನಾಗಿ ಕಾಣುವವರು, ಎಷ್ಟೋ ಕಚೇರಿಗಳಲ್ಲಿ ಯಾರಿಗೂ ಹೇಳಿಕೊಳ್ಳದೆ ಇದೇ ತೊಂದರೆ ಅನುಭವಿಸುತ್ತಿದ್ದಾರೆ ಎಂಬುದನ್ನು ಇಲ್ಲೇ ಸೇರಿಸಿಬಿಡುತ್ತೇನೆ.

ನಾವು ಸುಮ್ಮನೆ ಕೂರುವವರೂ ಅಲ್ಲ. ನಾನು ಬಳಸುವ ಸ್ಕ್ರೀನ್ ರೀಡರ್ ‘ಎನ್‌ವಿಡಿಎ’. ಮೈಕೆಲ್ ಕರನ್ ಎಂಬ ಆಸ್ಟ್ರೇಲಿಯಾದ ಅಂಧ ಯುವಕ 2006ರಲ್ಲಿ ಇದನ್ನು ಬರೆಯಲು ಶುರು ಮಾಡಿದರು, ಜೇಮ್ಸ್ ಟೆ ಎಂಬ ಇನ್ನೊಬ್ಬ ಅಂಧ ಸ್ನೇಹಿತ ಜೊತೆಗೂಡಿದರು. ಇದು ಉಚಿತ, ಇದರ ಮೂಲಸಂಕೇತವೂ ಮುಕ್ತ. ಹಟಮಾರಿ ತಂತ್ರಾಂಶಗಳನ್ನು ಪಳಗಿಸಲು ಇದರಲ್ಲಿ ಕೆಲವು ಆಯುಧಗಳಿವೆ. ಟ್ಯಾಬ್ ಕೀಲಿ ಮುಟ್ಟದ ಜಾಗಗಳಿಗೆ ಸಂಖ್ಯಾ ಕೀಲಿಗಳಿಂದ ಒಂದೊಂದಾಗಿ ಹೋಗಿ ಏನಿದೆ ಎಂದು ತಡಕಬಹುದು. ಮೌಸ್‌ನ ಬಾಣವನ್ನು ಅಲ್ಲಿಗೆ ಎಳೆದು ತಂದು, ಕೀಬೋರ್ಡಿನಿಂದಲೇ ಕ್ಲಿಕ್ ಮಾಡಿಸಬಹುದು. ಇನ್‌ಸರ್ಟ್ ಜೊತೆ ಆರ್ ಒತ್ತಿದರೆ ಕಾಣುತ್ತಿರುವ ಭಾಗದ ಚಿತ್ರ ತೆಗೆದು ಅದರಲ್ಲಿರುವ ಅಕ್ಷರಗಳನ್ನು ಗುರುತಿಸಿ ಓದುತ್ತದೆ. ಮೌಸ್ ಇರಬೇಕಾದ ಜಾಗಗಳನ್ನು ನೆನಪಿಟ್ಟುಕೊಳ್ಳುವ ಪೂರಕ ತಂತ್ರಾಂಶಗಳನ್ನೂ ಅಂಧ ಬಳಕೆದಾರರೇ ಬರೆದು ಹಂಚಿದ್ದಾರೆ.

ಇವುಗಳಿಂದ ದಿನ ದೂಡಬಹುದು. ಕೆಲಸ ಮಾಡಲು ಆಗುವುದಿಲ್ಲ. ಚಿತ್ರದಿಂದ ಓದಿದ ಅಕ್ಷರಗಳಲ್ಲಿ ಯಾವ ಸಾಲು ಆಯ್ಕೆಯಾಗಿದೆ ಎಂಬುದು ತಿಳಿಯುವುದಿಲ್ಲ. ಮೂರು ಎಂಟಾಗಬಹುದು, ದಶಾಂಶದ ಚುಕ್ಕೆ ಮಾಯವಾಗಬಹುದು. ಕಾದಂಬರಿ ಓದುವಾಗ ನಗಬಹುದಾದ ತಪ್ಪು, ಸಂಬಳದ ಪಟ್ಟಿಯಲ್ಲಿ ಅಲ್ಲ. ನೆನಪಿಟ್ಟ ಮೌಸ್ ಜಾಗಗಳಂತೂ ಪರದೆಯ ಮೇಲೆ ತಂತ್ರಾಂಶದ ಕಿಟಕಿಯ ಗಾತ್ರ ಸ್ವಲ್ಪ ಬದಲಾದರೂ ತಪ್ಪಿಹೋಗುತ್ತವೆ. ‘ಮುದ್ರಿಸು’ ಇದ್ದ ಕಡೆ ‘ಅಳಿಸು’ ಬಂದು ಕುಳಿತಿರಬಹುದು. ಇನ್ನು ಕೆಲವು ಕಚೇರಿಗಳಲ್ಲಿ ತಂತ್ರಾಂಶ ದೂರದ ಸರ್ವರ್‌ನಲ್ಲಿ ಓಡುತ್ತದೆ, ಉದ್ಯೋಗಿಯ ಕಂಪ್ಯೂಟರಿಗೆ ಅದರ ಚಿತ್ರ ಮಾತ್ರ ಬರುತ್ತದೆ. ಅಲ್ಲಿ ಕಂಪ್ಯೂಟರಿನಲ್ಲಿರುವ ಸ್ಕ್ರೀನ್ ರೀಡರ್‌ಗೆ ವಿಚಾರಿಸಲು ಎದುರಿಗೆ ಯಾರೂ ಇಲ್ಲ. ಆ ಸ್ಥಿತಿ ನನಗೆ ಬಂದಿಲ್ಲ. ಬಂದವರ ಮಾತು ಕೇಳಿದ್ದೇನೆ, ಅವರ ತಾಳ್ಮೆ ನನಗಿಂತ ದೊಡ್ಡದು.

ಇವೆಲ್ಲಕ್ಕಿಂತ ಕಿರಿಕಿರಿಯಾಗುವುದು ಪಕ್ಕದ ಕುರ್ಚಿಯವರನ್ನು ಕರೆಯಬೇಕಾದಾಗ. ನಮ್ಮ ವಿಭಾಗದವರು ಒಳ್ಳೆಯವರು, ಕರೆದರೆ ಬರುತ್ತಾರೆ. ಬಂದು ಮೌಸ್ ಹಿಡಿದು ಕ್ಷಣದಲ್ಲಿ ಮುಗಿಸಿ ‘ಆಯ್ತು ಸರ್’ ಎಂದು ಹೋಗುತ್ತಾರೆ. ಏನು ಆಯಿತು ಎಂದು ನನಗೆ ತಿಳಿಯುವುದಿಲ್ಲ, ಆದರೆ ಆ ನಮೂದಿನ ಮುಂದೆ ದಾಖಲಾಗುವುದು ನನ್ನ ಹೆಸರು. ಸಂಬಳದ ವಿವರ ಗೋಪ್ಯ. ಅದನ್ನು ನೋಡುವ ಅಧಿಕಾರ ವಿಭಾಗದಲ್ಲಿ ಇಬ್ಬರಿಗೆ ಮಾತ್ರ. ಅದೇ ಪರದೆಯಲ್ಲಿ ಸಿಕ್ಕಿಹಾಕಿಕೊಂಡಾಗ ಯಾರನ್ನು ಕರೆಯಲಿ? ನಿಯಮದ ಪ್ರಕಾರ ಪಕ್ಕದ ಕುರ್ಚಿಯವರನ್ನು ಕರೆಯುವಂತಿಲ್ಲ. ಸ್ವಂತ ಬಲದಿಂದ ಮುಗಿಸುತ್ತಿದ್ದ ಕೆಲಸವೇ ಇನ್ನೊಬ್ಬರ ಬಿಡುವಿಗೆ ಕಾಯುವಂತಾಯಿತು. ವರ್ಷದ ಮೌಲ್ಯಮಾಪನದಲ್ಲಿ ಬರೆಯುವುದು ‘ಕೆಲಸದ ವೇಗ ಕಡಿಮೆಯಾಗಿದೆ’ ಎಂದು. ತಂತ್ರಾಂಶಕ್ಕೆ ಮೌಲ್ಯಮಾಪನದ ನಮೂನೆ ಇಲ್ಲ.

ತಯಾರಕರ ಸಹಾಯವಾಣಿಗೆ ಕರೆ ಮಾಡಿದಾಗ ಆಗುವ ಸಂಭಾಷಣೆ ಹೆಚ್ಚುಕಡಿಮೆ ಒಂದೇ ಬಗೆಯದು.

‘ಸರ್, ಮೇಲೆ ಬಲಗಡೆ ನೀಲಿ ಬಣ್ಣದ ಚಿಹ್ನೆ ಇದೆಯಲ್ಲ, ಅದನ್ನು ಒತ್ತಿ.’

‘ನನಗೆ ಕಣ್ಣು ಕಾಣುವುದಿಲ್ಲ. ಕೀಬೋರ್ಡಿನಿಂದ ಅಲ್ಲಿಗೆ ಹೋಗುವುದು ಹೇಗೆ?’

ಸ್ವಲ್ಪ ಹೊತ್ತು ಮೌನ. ‘ಸರ್, ಒಂದು ಸ್ಕ್ರೀನ್‌ಶಾಟ್ ಕಳುಹಿಸಿ.’

ಇದರಲ್ಲಿ ಆ ಹುಡುಗರ ದೋಷವಿಲ್ಲ, ಅವರಿಗೆ ಕೊಟ್ಟ ಕಾಗದದಲ್ಲಿ ನೀಲಿ ಚಿಹ್ನೆ ಎಂದೇ ಬರೆದಿರುತ್ತದೆ. ಒಮ್ಮೆ ಮಾತ್ರ ತಂತ್ರಾಂಶ ಬರೆಯುವ ತಂಡದ ಯುವ ಎಂಜಿನಿಯರ್ ಒಬ್ಬರು ಸಿಕ್ಕರು. ಬೇರೆ ಏನೂ ಕೇಳಲಿಲ್ಲ, ಮೌಸ್ ಮುಟ್ಟದೆ ಒಂದು ವೋಚರ್ ಉಳಿಸಿ ನೋಡಿ ಎಂದೆ. ಫೋನಿನ ಆಚೆ ಕೀಲಿಗಳ ಸದ್ದು ಕೇಳುತ್ತಿತ್ತು. ಕೆಲವು ನಿಮಿಷಗಳ ನಂತರ ‘ನಾನೂ ಎಲ್ಲೋ ಸಿಕ್ಕಿಕೊಂಡೆ ಸರ್’ ಎಂದರು. ಮುಂದಿನ ಪರಿಷ್ಕರಣೆಯಲ್ಲಿ ಮೇಲಿನ ಸಾಲಿನ ಬಟನ್‌ಗಳಿಗೆ ಹೆಸರು ಬಂದವು. ಒಂದೊಂದು ಬಟನ್‌ಗೆ ಒಂದು ಸಾಲು ಬರೆದರೆ ಸಾಕಾಯಿತಂತೆ. ಮೌಸ್ ಮೇಲಿಟ್ಟಾಗ ಕಾಣುವ ವಿವರಣೆಗಾಗಿ ಆ ಹೆಸರುಗಳನ್ನು ಮೊದಲೇ ಬರೆದಿಟ್ಟಿದ್ದರು, ಅದನ್ನೇ ಸ್ಕ್ರೀನ್ ರೀಡರ್‌ಗೂ ಸಿಗುವಂತೆ ಮಾಡಿದರು. ಉಳಿಸುವ ಬಟನ್ ಮಾತ್ರ ಕೆಳಗಿನ ಸಾಲಿನಲ್ಲಿರುವ ಕಾರಣ ಬಿಟ್ಟುಹೋಯಿತು. ಜಮಾ ಖರ್ಚಿನ ಪಟ್ಟಿ ಹಾಗೆಯೇ ಉಳಿಯಿತು. ಅದನ್ನು ಸರಿಪಡಿಸಲು ತಿಂಗಳುಗಟ್ಟಲೆ ಕೆಲಸವಿದೆ ಎಂದು ಅವರು ಹೇಳಿದರು, ಆ ಮಾತನ್ನು ನಾನು ನಂಬುತ್ತೇನೆ. ಪೂರ್ತಿ ಚಿತ್ರವಾಗಿ ಬಿಡಿಸಿದ ಪಟ್ಟಿಗೆ ಸಾಲು, ಕಾಲಂ, ಆಯ್ಕೆ ಇವೆಲ್ಲವನ್ನೂ ಹೊರಗಿನಿಂದ ಹೇಳಿಕೊಡುವುದು ಸುಲಭವಲ್ಲ. ಆದ್ದರಿಂದಲೇ ಈ ವಿಚಾರ ಮೊದಲ ದಿನವೇ ಬರಬೇಕಾದದ್ದು. ಕಟ್ಟಿ ಮುಗಿಸಿದ ಮೇಲೆ ಬಂದರೆ ತಯಾರಕರಿಗೆ ನಿಜವಾಗಿಯೂ ದುಬಾರಿ, ಆಮೇಲೆ ‘ಬೇರೆ ಯಾವ ಗ್ರಾಹಕರೂ ದೂರು ಕೊಟ್ಟಿಲ್ಲ’ ಎಂಬ ಉತ್ತರವೇ ಗತಿ. ಬಳಸಲಾಗದವರು ಆ ಕೆಲಸಕ್ಕೆ ಸೇರಲೇ ಆಗದಿರುವಾಗ ದೂರು ಎಲ್ಲಿಂದ ಬರಬೇಕು?

ಹಿತೈಷಿಗಳು ಕೊಡುವ ಸಲಹೆಗಳೂ ಉಂಟು. ಹಣ ಕೊಟ್ಟು ಇನ್ನೂ ಒಳ್ಳೆಯ ಸ್ಕ್ರೀನ್ ರೀಡರ್ ತರಿಸಿಕೊಳ್ಳಿ ಎನ್ನುತ್ತಾರೆ. ಅದನ್ನೂ ಪ್ರಯತ್ನಿಸಿದ್ದೇನೆ. ಜಾಸ್‌ನಲ್ಲಿ ಹೆಸರಿಲ್ಲದ ಚಿತ್ರಗಳಿಗೆ ನಾವೇ ಹೆಸರು ಅಂಟಿಸಬಹುದು, ಒಂದು ತಂತ್ರಾಂಶಕ್ಕಾಗಿಯೇ ಸ್ಕ್ರಿಪ್ಟ್, ಅಂದರೆ ಅಲ್ಲಿ ಏನನ್ನು ಹೇಗೆ ಓದಬೇಕೆಂದು ಸ್ಕ್ರೀನ್ ರೀಡರ್‌ಗೆ ತಿಳಿಸುವ ಆದೇಶಗಳನ್ನು, ಬರೆಸಿಕೊಳ್ಳಬಹುದು. ಬಲ್ಲವರು ಬರೆದ ಸ್ಕ್ರಿಪ್ಟುಗಳು ಅದ್ಭುತವಾಗಿರುತ್ತವೆ, ನಿಜ. ಆದರೆ ತಯಾರಕರು ಮಾಡದೆ ಬಿಟ್ಟ ಕೆಲಸವನ್ನು ಪ್ರತಿ ಕಚೇರಿಯ ಪ್ರತಿಯೊಬ್ಬ ಅಂಧ ನೌಕರ ಪ್ರತಿ ಪರಿಷ್ಕರಣೆಗೂ ಹೊಸದಾಗಿ ಮಾಡಿಸಿಕೊಳ್ಳಬೇಕು ಎಂಬುದು ಯಾವ ಲೆಕ್ಕ? ಇನ್ನು ಕೆಲವರು ತರಬೇತಿ ಪಡೆಯಿರಿ ಎನ್ನುತ್ತಾರೆ. ಹೆಸರಿಲ್ಲದ ಬಟನ್‌ನ ಹೆಸರು ಕಂಡುಹಿಡಿಯುವ ತರಬೇತಿ ಎಲ್ಲಿ ಕೊಡುತ್ತಾರೆಂದು ತಿಳಿದರೆ ನಾನೇ ಮೊದಲು ಸೇರುತ್ತೇನೆ.

ಈಚೆಗೆ ಎಲ್ಲರ ಬಾಯಲ್ಲೂ ಕೃತಕ ಬುದ್ಧಿಮತ್ತೆ. ಪರದೆಯ ಚಿತ್ರ ಕೊಟ್ಟರೆ ಅದು ವಿವರಿಸಿ ಹೇಳುತ್ತದೆ, ಇನ್ನು ನಿಮಗೇನು ಚಿಂತೆ ಎಂದು ಕೇಳುತ್ತಾರೆ. ಮನೆಯಲ್ಲಿ ಔಷಧದ ಡಬ್ಬಿ, ಫೋಟೊ, ಕಾಗದ ಓದಿಸಲು ನಾನೂ ಅದನ್ನು ಬಳಸುತ್ತೇನೆ, ಅದರಿಂದ ಉಪಕಾರವಾಗಿದೆ. ಕಚೇರಿಯಲ್ಲಿ ಹಾಗಲ್ಲ. ಸಹೋದ್ಯೋಗಿಗಳ ಸಂಬಳದ ಚಿತ್ರವನ್ನು ಎಲ್ಲಿಯೋ ಇರುವ ಸರ್ವರ್‌ಗೆ ಕಳುಹಿಸಲು ನನಗೆ ಅನುಮತಿ ಇಲ್ಲ, ಇರಲೂಬಾರದು. ಅದು ಒಮ್ಮೊಮ್ಮೆ ಇಲ್ಲದ್ದನ್ನು ಇದೆ ಎಂದು ಬಹಳ ಆತ್ಮವಿಶ್ವಾಸದಿಂದ ಹೇಳುತ್ತದೆ. ಲೆಕ್ಕದವನಿಗೆ ಮೌನವೇ ಇದಕ್ಕಿಂತ ವಾಸಿ. ಟ್ಯಾಬ್ ಒತ್ತಿದ ಕ್ಷಣದಲ್ಲಿ ‘ಉಳಿಸು, ಬಟನ್’ ಎಂದು ಕೇಳಬೇಕಾದ ಕಡೆ ಚಿತ್ರ ತೆಗೆದು, ಕಳುಹಿಸಿ, ಕಾದು, ಒಂದು ಪ್ಯಾರಾ ವಿವರಣೆ ಕೇಳುವುದು ದಿನವಿಡೀ ನಡೆಸುವ ಕೆಲಸವಲ್ಲ. ಹೆಸರು ಆ ತಂತ್ರಾಂಶಕ್ಕೆ ಗೊತ್ತೇ ಇದೆ. ಗೊತ್ತಿರುವುದನ್ನು ಹೇಳದೆ ಇರುವ ಯಂತ್ರದ ಮನಸ್ಸನ್ನು ಊಹಿಸಲು ಇನ್ನೊಂದು ಯಂತ್ರ ಇಡುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ತಯಾರಕರನ್ನು ಬೈದು ಪ್ರಯೋಜನ ಕಡಿಮೆ ಎಂಬ ತೀರ್ಮಾನಕ್ಕೆ ನಾನು ಬಂದಿದ್ದೇನೆ. ಅವರು ಕೊಳ್ಳುವವರ ಮಾತು ಕೇಳುತ್ತಾರೆ, ನಾನು ಕೊಳ್ಳುವವನಲ್ಲ. ನಮ್ಮಲ್ಲಿ ಈ ತಂತ್ರಾಂಶ ಆಯ್ಕೆಯಾದಾಗ ವೇಗ ನೋಡಿದರು, ಬೆಲೆ ನೋಡಿದರು, ವರದಿಗಳ ನಮೂನೆ ನೋಡಿದರು, ದೊಡ್ಡ ಪರದೆಯ ಮೇಲೆ ಪ್ರದರ್ಶನವೂ ಆಯಿತು. ನಾನು ಆ ಸಭೆಯಲ್ಲಿದ್ದೆ. ‘ಇಲ್ಲಿ ಒತ್ತಿದರೆ ಇದು ಬರುತ್ತದೆ, ಅಲ್ಲಿ ಒತ್ತಿದರೆ ಅದು ಬರುತ್ತದೆ’ ಎಂದು ಪ್ರದರ್ಶಕರು ಹೇಳುತ್ತಾ ಹೋದರು. ಇದನ್ನು ಕೀಬೋರ್ಡಿನಿಂದ ಮಾಡಿ ತೋರಿಸಿ ಎಂದು ಕೇಳಿದೆ. ಎಲ್ಲವೂ ಸಾಧ್ಯ, ಆಮೇಲೆ ತೋರಿಸುತ್ತೇವೆ ಎಂದರು. ಸಹಿ ಬಿದ್ದ ಮೇಲೆ ಆ ‘ಆಮೇಲೆ’ ಬರಲಿಲ್ಲ.

ಕೊಳ್ಳುವವರು ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಇದೆ. ಅಮೆರಿಕದಲ್ಲಿ 1998ರ ತಿದ್ದುಪಡಿಯಿಂದ ಬಲಗೊಂಡ ‘ಸೆಕ್ಷನ್ 508’ ಪ್ರಕಾರ, ಅಲ್ಲಿನ ಒಕ್ಕೂಟ ಸರ್ಕಾರದ ಇಲಾಖೆಗಳು ಕೊಳ್ಳುವ ಮಾಹಿತಿ ತಂತ್ರಜ್ಞಾನವನ್ನು ಅಂಗವಿಕಲರೂ ಬಳಸುವಂತಿರಬೇಕು. ಅಷ್ಟು ದೊಡ್ಡ ಗ್ರಾಹಕನನ್ನು ಕಳೆದುಕೊಳ್ಳಲು ಯಾರಿಗೂ ಇಷ್ಟವಿರಲಿಲ್ಲ. ದೊಡ್ಡ ಕಂಪನಿಗಳು ತಮ್ಮ ಪ್ರತಿ ತಂತ್ರಾಂಶದಲ್ಲಿ ಏನು ಸರಿಯಿದೆ, ಏನು ಸರಿಯಿಲ್ಲ ಎಂಬ ವರದಿಯನ್ನು ತಾವಾಗಿ ಪ್ರಕಟಿಸತೊಡಗಿದವು. ಯುರೋಪಿನಲ್ಲೂ ಸರ್ಕಾರಿ ಖರೀದಿಗಾಗಿಯೇ ‘ಇಎನ್ 301 549’ ಎಂಬ ಮಾನದಂಡ ಬಂತು. ಅಂಗವಿಕಲರ ಹಕ್ಕುಗಳ ಬಗೆಗಿನ ವಿಶ್ವಸಂಸ್ಥೆಯ 2006ರ ಒಡಂಬಡಿಕೆ ತನ್ನ ಒಂಬತ್ತನೇ ವಿಧಿಯಲ್ಲಿ ರಸ್ತೆ, ಕಟ್ಟಡಗಳ ಜೊತೆಗೇ ಮಾಹಿತಿ ತಂತ್ರಜ್ಞಾನವನ್ನೂ ಹೆಸರಿಸುತ್ತದೆ. ಜಾಲತಾಣಗಳಿಗಾಗಿ ಡಬ್ಲ್ಯು3ಸಿ ಎಂಬ ಅಂತರರಾಷ್ಟ್ರೀಯ ಜಾಲ ಮಾನದಂಡ ಸಂಸ್ಥೆ ರೂಪಿಸಿದ ಮಾರ್ಗಸೂಚಿಯನ್ನು ಡೆಸ್ಕ್‌ಟಾಪ್ ತಂತ್ರಾಂಶಕ್ಕೆ ಹೇಗೆ ಅನ್ವಯಿಸಬೇಕು ಎಂಬ ವಿವರಣೆ ಕೂಡ 2013ರಿಂದ ಇದೆ. ಅಂದರೆ ಏನು ಕೇಳಬೇಕು ಎಂಬುದನ್ನು ಹೊಸದಾಗಿ ಯೋಚಿಸುವ ಶ್ರಮವೂ ಇಲ್ಲ, ಒಪ್ಪಂದದಲ್ಲಿ ಒಂದು ಷರತ್ತಾಗಿ ಸೇರಿಸಿದರೆ ಆಯಿತು.

ಷರತ್ತು ಬರೆದು ಸುಮ್ಮನಾಗುವುದೂ ಬೇಡ. ಪ್ರದರ್ಶನದ ದಿನವೇ ಮೌಸ್‌ನ ತಂತಿ ಕಿತ್ತು ಪಕ್ಕಕ್ಕಿಡಿ. ಒಂದು ವೋಚರ್ ನಮೂದಿಸಿ, ತಿದ್ದಿ, ಉಳಿಸಿ, ಮುದ್ರಿಸಿ ತೋರಿಸಲು ಮಾರಲು ಬಂದವರಿಗೇ ಹೇಳಿ. ಆಮೇಲೆ ಎನ್‌ವಿಡಿಎ ಹಾಕಿ, ಪರದೆ ಆಫ್ ಮಾಡಿ, ಅದೇ ಕೆಲಸವನ್ನು ಇನ್ನೊಮ್ಮೆ ಮಾಡಿಸಿ. ಇದಕ್ಕೆ ಹಣ ಬೇಕಿಲ್ಲ, ಪರಿಣತರೂ ಬೇಕಿಲ್ಲ. ತಯಾರಕರು ತಮ್ಮ ಕೆಲಸವನ್ನು ತಾವೇ ಪರೀಕ್ಷಿಸಿಕೊಳ್ಳಲು ಮೈಕ್ರೋಸಾಫ್ಟ್‌ನ ‘ಆಕ್ಸೆಸಿಬಿಲಿಟಿ ಇನ್‌ಸೈಟ್ಸ್’ ಉಚಿತವಾಗಿ ಸಿಗುತ್ತದೆ. ಹೆಸರಿಲ್ಲದ ಬಟನ್‌ಗಳನ್ನು ಅದು ಪಟ್ಟಿ ಮಾಡಿ ಕೊಡುತ್ತದೆ. ಕೀಬೋರ್ಡಿನ ಅನುಕೂಲ ನನ್ನೊಬ್ಬನಿಗಲ್ಲ ಎಂಬುದನ್ನು ನಮ್ಮ ವಿಭಾಗವೇ ಕಂಡಿದೆ. ಹಳೆಯ ತಂತ್ರಾಂಶದಲ್ಲಿ ಕೀಲಿಗಳಿಂದಲೇ ಸರಸರನೆ ನಮೂದಿಸುತ್ತಿದ್ದ ಹಿರಿಯ ಗುಮಾಸ್ತರೊಬ್ಬರು, ಕಣ್ಣು ಚೆನ್ನಾಗಿಯೇ ಇರುವವರು, ಹೊಸದರಲ್ಲಿ ಪ್ರತಿ ಸಾಲಿಗೂ ಮೌಸ್ ಹಿಡಿಯಬೇಕಾಗಿ ಬಂದು ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಕೂರುತ್ತಾರೆ. ಈ ವಿಷಯದಲ್ಲಿ ಅವರು ನನಗಿಂತ ಜೋರಾಗಿ ಗೊಣಗುತ್ತಾರೆ.

ಕೊನೆಯದಾಗಿ ನಿಮ್ಮ ಪತ್ರಿಕೆಗೇ ಒಂದು ಬೇಡಿಕೆ. ಹೊಸ ತಂತ್ರಾಂಶ, ಹೊಸ ಆವೃತ್ತಿಗಳನ್ನು ಪರಿಚಯಿಸುವ ಬರಹಗಳಲ್ಲಿ ಬೆಲೆ, ವಿನ್ಯಾಸ, ವೇಗಗಳ ಜೊತೆಗೆ ಇನ್ನೊಂದು ಸಾಲಿಗೆ ಜಾಗ ಕೊಡಿ: ಕೀಬೋರ್ಡ್ ಒಂದರಿಂದಲೇ ಇದರಲ್ಲಿ ಕೆಲಸ ಮಾಡಬಹುದೇ, ಸ್ಕ್ರೀನ್ ರೀಡರ್ ಇದನ್ನು ಓದುತ್ತದೆಯೇ? ಪರೀಕ್ಷಿಸುವುದು ಹೇಗೆಂದು ನಿಮ್ಮ ಬರಹಗಾರರಿಗೆ ಅನುಮಾನವಿದ್ದರೆ, ಸ್ಕ್ರೀನ್ ರೀಡರ್ ಬಳಸುವ ಯಾರನ್ನಾದರೂ ಕರೆದರೆ ಅರ್ಧ ಗಂಟೆಯಲ್ಲಿ ತೋರಿಸಿಕೊಡುತ್ತಾರೆ. ಆ ಕೆಲಸಕ್ಕೆ ನಾನೂ ಸಿದ್ಧನಿದ್ದೇನೆ, ತಿಂಗಳ ಕೊನೆಯ ವಾರ ಒಂದನ್ನು ಬಿಟ್ಟು.

ಇಂತಿ ತಮ್ಮ ವಿಶ್ವಾಸಿ,
ಲೆಕ್ಕಪತ್ರ ವಿಭಾಗದ ಒಬ್ಬ ನೌಕರ